ಸೌಟಿನಲ್ಲಿ ತಲೆಕೆಳಗಾದ ಮುಖ: ಬಾಗಿದ ಕನ್ನಡಿಯನ್ನು ಮನೆಯಲ್ಲೇ ಅಳೆಯಿರಿ

ತೊಳೆದಿಟ್ಟ ಸ್ಟೀಲ್ ಸೌಟೊಂದನ್ನು ಎತ್ತಿಕೊಳ್ಳಿ. ಗುಳಿಯಿರುವ ಕಡೆ ನೋಡಿದರೆ ನಿಮ್ಮ ಮುಖ ತಲೆಕೆಳಗು. ಬೆನ್ನಿನ ಕಡೆ ನೋಡಿದರೆ ನೆಟ್ಟಗೇ ಇರುತ್ತದೆ, ಆದರೆ ಪುಟ್ಟದು, ಮೂಗು ಮಾತ್ರ ದಪ್ಪ. ಗುಳಿಯದು ನಿಮ್ನ ದರ್ಪಣ, ಉಬ್ಬಿದ್ದು ಪೀನ ದರ್ಪಣ. ಶಾಲೆಯಲ್ಲಿ ಇದರ ಚಿತ್ರ ಬರೆದು ಅಂಕ ಪಡೆದು ಮರೆತಿದ್ದೇವೆ, ಅಲ್ವಾ?

ಈಗ ಮುಖ ದೊಡ್ಡದಾಗಿ ತೋರಿಸುವ ಶೇವಿಂಗ್ ಕನ್ನಡಿ, ಬಿಳಿ ಹಾಳೆ, ಅಳತೆ ಟೇಪು ತನ್ನಿ.

ಹೆಜ್ಜೆ 1: ಹಗಲಲ್ಲಿ ಕೋಣೆಯ ದೀಪ ಆರಿಸಿ. ಕಿಟಕಿಯಿಂದ ದೂರ ನಿಂತು, ಹೊರಗಿನ ಮರದ ಕಡೆಗೆ ಕನ್ನಡಿ ಹಿಡಿಯಿರಿ. ಅದರ ಮುಂದೆ, ಬೆಳಕಿಗೆ ಅಡ್ಡ ಬಾರದಂತೆ ತುಸು ಪಕ್ಕಕ್ಕೆ ಹಾಳೆ ಹಿಡಿದು ಹಿಂದೆ ಮುಂದೆ ಸರಿಸಿ. ಒಂದು ಕಡೆ ಮರವು ತಲೆಕೆಳಗಾಗಿ, ಹಸಿರು ಬಣ್ಣದ ಸಮೇತ ಹಾಳೆಯ ಮೇಲೆ ಮೂಡುತ್ತದೆ. ದೂರದಿಂದ ಬಂದ ಬೆಳಕು ಹೀಗೆ ಒಂದಾಗಿ ಸೇರುವ ಜಾಗವೇ ಸಂಗಮ, ಅಲ್ಲಿಂದ ಕನ್ನಡಿಗೆ ಇರುವ ಅಂತರವೇ ಸಂಗಮ ದೂರ. (ಸೂರ್ಯನ ಕಡೆ ಮಾತ್ರ ಹಿಡಿಯಬೇಡಿ. ಹಾಳೆ ಸುಟ್ಟೀತು, ಕಣ್ಣಿಗೂ ಅಪಾಯ.)

ಹೆಜ್ಜೆ 2: ಆ ದೂರ 40 ಸೆಂ.ಮೀ. ಬಂತು ಎನ್ನೋಣ. 20 ಸೆಂ.ಮೀ.ನಲ್ಲಿ ಮುಖವಿಟ್ಟರೆ ನೆಟ್ಟಗೆ, ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ದಂತವೈದ್ಯರು ಬಳಸುವ ಪುಟ್ಟ ಕನ್ನಡಿಗಳಲ್ಲಿ ಗುಳಿಯಿರುವಂಥವು ಹುಳುಕು ಹಲ್ಲನ್ನು ದೊಡ್ಡದು ಮಾಡಿ ತೋರಿಸುವುದೂ ಹೀಗೆಯೇ.

ಹೆಜ್ಜೆ 3: ಮೆಲ್ಲಗೆ ಹಿಂದೆ ಸರಿಯಿರಿ. 40 ದಾಟಿದರೆ ಎಲ್ಲಾ ಮಸುಕು. ಇಲ್ಲಿ ದೊಡ್ಡ, ತಲೆಕೆಳಗಾದ ಬಿಂಬ ಬರುತ್ತದೆ ಎಂದು ಪಠ್ಯದಲ್ಲಿ ಓದಿದ ನೆನಪು. ಹಾಗಾದರೆ ಅದೆಲ್ಲಿ? ನಿಮ್ಮ ತಲೆಯ ಹಿಂದೆ! ನೀವು 60 ಸೆಂ.ಮೀ.ನಲ್ಲಿದ್ದರೆ ಬಿಂಬ 120ರಲ್ಲಿ ಮೂಡುತ್ತದೆ. ನಂಬಿಕೆ ಬರದಿದ್ದರೆ ರಾತ್ರಿ ಕತ್ತಲಲ್ಲಿ 60ರಲ್ಲಿ ಮೇಣದಬತ್ತಿ ಹಚ್ಚಿ, ಕನ್ನಡಿಯನ್ನು ತುಸು ವಾರೆ ಮಾಡಿ, 120ರಲ್ಲಿ ಹಾಳೆ ಹಿಡಿಯಿರಿ. ಎರಡು ಪಟ್ಟು ಉದ್ದದ ಜ್ವಾಲೆ ಕೆಳಮುಖವಾಗಿ ಉರಿಯುತ್ತಿರುತ್ತದೆ. ನನಗಂತೂ ಇಡೀ ಪ್ರಯೋಗದಲ್ಲಿ ಇಷ್ಟವಾಗುವುದು ಇದೇ.

ಇನ್ನೂ ಹಿಂದೆ, ಎರಡು ಮೀಟರ್ ದೂರ ಹೋದರೆ ಬಿಂಬ ನಿಮ್ಮ ಮುಂದೆಯೇ ಬರುತ್ತದೆ. ಆಗ ಸೌಟಿನಲ್ಲಿ ಕಂಡಂತೆಯೇ ತಲೆಕೆಳಗಾದ, ಚಿಕ್ಕ ಮುಖ.

ನಕ್ಷತ್ರಗಳು ಎಷ್ಟು ದೂರವೆಂದರೆ ಅವುಗಳ ಬೆಳಕು ಸೇರುವುದು ಸಂಗಮದಲ್ಲೇ. ತಮಿಳುನಾಡಿನ ಕಾವಲೂರಿನಲ್ಲಿ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ನಡೆಸುವ ವೈನು ಬಪ್ಪು ದೂರದರ್ಶಕದಲ್ಲಿ 2.34 ಮೀಟರ್ ಅಗಲದ ನಿಮ್ನ ದರ್ಪಣವಿದೆ. ಹೆಡ್‌ಲೈಟ್‌ನಲ್ಲಿ ಇದೇ ಕೆಲಸ ಉಲ್ಟಾ: ಸಂಗಮದಲ್ಲಿ ಬಲ್ಬ್, ಹೊರಗೆ ನೇರ ಬೆಳಕು.

ಉಬ್ಬಿದ ಕನ್ನಡಿಗೆ ಇಷ್ಟೆಲ್ಲ ರಗಳೆಯಿಲ್ಲ. ಎಲ್ಲಿ ನಿಂತರೂ ಬಿಂಬ ನೆಟ್ಟಗೆ, ಚಿಕ್ಕದು. ಚಿಕ್ಕದಾಗುವುದರಿಂದಲೇ ಜಾಸ್ತಿ ಜಾಗ ಕಾಣುತ್ತದೆ. ಬೇಸ್‌ಮೆಂಟ್ ಪಾರ್ಕಿಂಗ್‌ನ ತಿರುವಿನಲ್ಲಿ ದುಂಡು ಕನ್ನಡಿ ಇಡುವುದು ಅದಕ್ಕೇ. ಆದರೆ ಚಿಕ್ಕದಾಗಿ ಕಂಡದ್ದನ್ನು ನಮ್ಮ ಕಣ್ಣು ದೂರವಿದೆ ಎಂದುಕೊಳ್ಳುತ್ತದೆ. ನಿಲ್ಲಿಸಿದ ಕಾರಿನಲ್ಲಿ ಕುಳಿತು ಹಿಂದಿರುವ ಒಂದೇ ವಾಹನವನ್ನು ಒಳಗಿನ ಚಪ್ಪಟೆ ಕನ್ನಡಿಯಲ್ಲೂ ಎಡಬದಿಯ ಉಬ್ಬು ಕನ್ನಡಿಯಲ್ಲೂ ನೋಡಿ. ಎರಡರಲ್ಲಿ ಯಾವುದು ಹತ್ತಿರ ಅನಿಸಿತು?