ಅದಿರಿನ ದೂಳು ತಿಂದ ಟೈಪ್‌ರೈಟರ್‌ಗೆ ಮರುಜೀವ

ಬಳ್ಳಾರಿ, ಸಂಡೂರು ಕಡೆ ಸಿಗುವ ಹಳೆಯ ರೆಮಿಂಗ್ಟನ್, ಗೋದ್ರೆಜ್ ಯಂತ್ರಗಳ ದೊಡ್ಡ ರೋಗ ತುಕ್ಕಲ್ಲ, ಕೆಂಪು ದೂಳು. ಎಣ್ಣೆಯ ಜತೆ ಸೇರಿದರೆ ಅದು ಸಾಣೆಪುಡಿಯಂತೆ ಲೋಹವನ್ನೇ ಸವೆಸುತ್ತದೆ.

ಕೊಳ್ಳುವಾಗ ಕ್ಯಾರೇಜನ್ನು, ಅಂದರೆ ಹಾಳೆ ಹಿಡಿದು ಅತ್ತಿತ್ತ ಸರಿಯುವ ಮೇಲಿನ ಭಾಗವನ್ನು, ಬಲಕ್ಕೆ ತಳ್ಳಿ, ಸ್ಪೇಸ್ ಬಾರ್ ಒತ್ತಿ. ಒಂದೊಂದೇ ಹೆಜ್ಜೆ ಎಡಕ್ಕೆ ಸರಿಯಬೇಕು. ಸರಿಯದಿದ್ದರೆ ಹೆಚ್ಚಾಗಿ ಕ್ಯಾರೇಜನ್ನು ಎಳೆಯುವ ದಾರ ಹರಿದಿರುತ್ತದೆ; ಗಟ್ಟಿ ನೈಲಾನ್ ದಾರ ಸಾಕು. ಆ ದಾರ ಎಳೆಯುವ ಸ್ಪ್ರಿಂಗ್ ಡ್ರಮ್ಮನ್ನು (ಒಳಗೆ ಸ್ಪ್ರಿಂಗ್ ಇರುವ ದುಂಡನೆಯ ಡಬ್ಬಿ) ಮೂರ್ನಾಲ್ಕು ಸುತ್ತು ಬಿಗಿದು ದಾರ ಸಿಕ್ಕಿಸಿ. ಕ್ಯಾರೇಜ್ ಕೊನೆಯವರೆಗೂ ಎಳೆಯದಿದ್ದರೆ ಇನ್ನೊಂದು ಸುತ್ತು. ಬಿಗಿದ ಡ್ರಮ್ ಕೈಜಾರಿ ಗಿರ್ರೆಂದು ಬಿಚ್ಚಿಕೊಂಡರೆ ಒಳಗಿನ ಸ್ಪ್ರಿಂಗ್ ಮುರಿಯಬಹುದು, ಹುಷಾರು.

ಮೊದಲು ಒಣ ಬ್ರಷ್‌ನಿಂದ ದೂಳು ತೆಗೆಯಿರಿ. ಆಮೇಲೆ ಅಕ್ಷರದ ಕಡ್ಡಿಗಳು ಕೂರುವ ಅರ್ಧಚಂದ್ರಾಕಾರದ ಸೀಳುಗಳಿಗೆ ಟರ್ಪೆಂಟೈನ್ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಪ್ರತಿ ಕೀಲಿಯನ್ನೂ ಇಪ್ಪತ್ತು ಸಲ ಒತ್ತಿ. ಇದನ್ನು ಹೊರಗೆ ಗಾಳಿಯಲ್ಲಿ, ಬೆಂಕಿಯಿಂದ ದೂರ ಮಾಡಿ, ಬಣ್ಣಕ್ಕೆ ತಾಗಿಸಬೇಡಿ. ಸೀಳುಗಳಿಗೆ ಎಣ್ಣೆ ಮಾತ್ರ ಬೇಡವೇ ಬೇಡ: ನಾಲ್ಕು ದಿನ ಹಗುರ ಅನಿಸಿ, ದೂಳು ಹಿಡಿದು ಮತ್ತೆ ಕಚ್ಚಿಕೊಳ್ಳುತ್ತದೆ. ಹೊಲಿಗೆಯಂತ್ರದ ಎಣ್ಣೆ ಕ್ಯಾರೇಜ್ ಹಳಿಗೆ ಒಂದು ಹನಿ, ಅಷ್ಟೇ.

ನಮ್ಮ ಬಿಸಿಲಿಗೆ ಹಾಳೆ ಸುತ್ತುವ ರೋಲರ್‌ನ ರಬ್ಬರ್ ಕಲ್ಲಾಗುತ್ತದೆ. ಸೊನ್ನೆ ಒತ್ತಿದರೆ ಹಾಳೆ ತೂತಾಗುವುದೇ ಗುರುತು. 400 ನಂಬರಿನ ಉಜ್ಜುಕಾಗದದಿಂದ ಮೇಲ್ಮೈ ಸವರಿದರೆ ಹಾಳೆ ಜಾರುವುದು ನಿಲ್ಲುತ್ತದೆ, ಆದರೆ ರಬ್ಬರ್ ಮೆತ್ತಗಾಗದು. ಹೊಸ ರಬ್ಬರ್ ಹಾಕಿಸುವ ತನಕ ಹಾಳೆಯ ಹಿಂದೆ ಇನ್ನೊಂದು ಹಾಳೆ ಇಟ್ಟು ಟೈಪ್ ಮಾಡಿ.

ರಿಬ್ಬನ್ ಅಗಲ 13 ಮಿ.ಮೀ. ಹಳೆಯ ಚಕ್ರಗಳನ್ನು ಎಸೆಯಬೇಡಿ. ಹೊಸ ರಿಬ್ಬನ್ನನ್ನು ಅವಕ್ಕೇ ಸುತ್ತಿಕೊಳ್ಳಬಹುದು.