ಮೂರು ವೋಟಿನಲ್ಲಿ ಒಂದು ನನಗೆ: ಲಂಡನ್ನಿನಲ್ಲಿ ಕೌನ್ಸಿಲ್ ಚುನಾವಣೆಗೆ ನಿಂತ ನನ್ನ ಅನುಭವ

"ಅಲ್ಲಿ ಪುರಸಭೆ ಚುನಾವಣೆಗೆ ನಿಲ್ತೀಯಂತೆ, ಹೌದೇನೇ? ಡಿಪಾಜಿಟ್ ಎಷ್ಟು ಕಟ್ಟಬೇಕು?" ಸಾಗರದಿಂದ ಅಮ್ಮ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ಏನೂ ಇಲ್ಲಮ್ಮ ಅಂದೆ. ಇಲ್ಲಿ ಪಾರ್ಲಿಮೆಂಟಿಗೆ ನಿಲ್ಲುವವರು 500 ಪೌಂಡ್ ಕಟ್ಟಬೇಕು. ಕೌನ್ಸಿಲ್‌ಗೆ ನಿಲ್ಲುವವರು ಒಂದು ಪೆನ್ನಿಯೂ ಕಟ್ಟಬೇಕಾಗಿಲ್ಲ. "ಹಾಗಾದ್ರೆ ಕಳಕೊಳ್ಳೋದೇನಿದೆ, ನಿಂತ್ಕೋ" ಅಂದರು.

2018ರ ಮೇ 3ರಂದು ಲಂಡನ್ನಿನ 32 ಬರೋಗಳಿಗೂ ಒಟ್ಟಿಗೇ ಚುನಾವಣೆ ಇತ್ತು. ಬರೋ ಅಂದರೆ ತನ್ನದೇ ಕೌನ್ಸಿಲ್ ಇರುವ, ನಗರದ ಒಂದು ಭಾಗ. ನಗರದ ಅಂಚಿನಲ್ಲಿರುವ ಒಂದು ಬರೋದಲ್ಲಿ ನಾವು ಆಗಲೇ ಹನ್ನೊಂದು ವರ್ಷದಿಂದ ಇದ್ದೆವು. ನಾನು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಯಾವ ಪಕ್ಷದಲ್ಲೂ ಇರಲಿಲ್ಲ. ನನ್ನನ್ನು ಚುನಾವಣೆಗೆ ಎಳೆದದ್ದು ನಮ್ಮ ಬೀದಿಯ ಕೊನೆಯಲ್ಲಿದ್ದ ಲೈಬ್ರರಿ.

ಆ ಲೈಬ್ರರಿ ವಾರಕ್ಕೆ ಆರು ದಿನ ತೆರೆದಿರುತ್ತಿತ್ತು. ಆಮೇಲೆ ನಾಲ್ಕಾಯಿತು, ಆಮೇಲೆ ಮೂರು. ನನ್ನ ಮಗ ಅಲ್ಲೇ ಓದಲು ಕಲಿತ. ಚಳಿಗಾಲದಲ್ಲಿ ಪಕ್ಕದ ಬೀದಿಯ ಅಜ್ಜಿಯೊಬ್ಬರು ಬೆಳಿಗ್ಗೆ ಬಂದು ಹೀಟರ್ ಪಕ್ಕದ ಕುರ್ಚಿಯಲ್ಲಿ ಸಂಜೆವರೆಗೂ ಕೂತಿರುತ್ತಿದ್ದರು. ಮನೆಯಲ್ಲಿ ಹೀಟರ್ ಹಾಕಿದರೆ ಬಿಲ್ಲು ಜಾಸ್ತಿ ಬರುತ್ತದೆ ಅಂತ. 2017ರ ಕೊನೆಗೆ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಇನ್ನು ಮುಂದೆ ಸಿಬ್ಬಂದಿ ಇರುವುದಿಲ್ಲ, ಸ್ವಯಂಸೇವಕರು ಸಿಕ್ಕರೆ ನಡೆಸುತ್ತೇವೆ, ಇಲ್ಲದಿದ್ದರೆ ಮುಚ್ಚುತ್ತೇವೆ ಅಂತ ಅದರಲ್ಲಿತ್ತು.

ಇದು ನಮ್ಮ ಬೀದಿಯೊಂದರ ಕಥೆಯಲ್ಲ. 2010ರಲ್ಲಿ ಬಂದ ಸರ್ಕಾರ ಖರ್ಚು ಕಡಿತ ಶುರು ಮಾಡಿತಲ್ಲ, ಅದರ ದೊಡ್ಡ ಪೆಟ್ಟು ಬಿದ್ದದ್ದು ಕೌನ್ಸಿಲ್‌ಗಳ ಮೇಲೆ. ನಾನು ಮನೆ ಮನೆ ತಿರುಗುತ್ತಿದ್ದ ಮಾರ್ಚ್ ತಿಂಗಳಲ್ಲೇ ಇಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಒಂದು ವರದಿ ಕೊಟ್ಟಿತು. 2010-11ರಿಂದ 2017-18ರ ಹೊತ್ತಿಗೆ ಕೇಂದ್ರದಿಂದ ಸ್ಥಳೀಯ ಸಂಸ್ಥೆಗಳಿಗೆ ಬರುವ ಹಣ, ಬೆಲೆಯೇರಿಕೆ ಲೆಕ್ಕ ಹಿಡಿದರೆ, ಶೇ 49.1ರಷ್ಟು ಇಳಿದಿತ್ತು. ಅಂದರೆ ಅರ್ಧಕ್ಕರ್ಧ. ಅದಕ್ಕೆ ಒಂದು ತಿಂಗಳ ಮುಂಚೆ ನಾರ್ತಾಂಪ್ಟನ್‌ಶೈರ್ ಕೌಂಟಿ ಕೌನ್ಸಿಲ್ 'ಸೆಕ್ಷನ್ 114' ನೋಟಿಸ್ ಹೊರಡಿಸಿತ್ತು. ಕಾನೂನು ಕಡ್ಡಾಯ ಮಾಡಿದ್ದು ಬಿಟ್ಟು ಹೊಸ ಖರ್ಚು ಯಾವುದನ್ನೂ ಮಾಡಲಾರೆವು ಅಂತ ಕೈಯೆತ್ತುವ ನೋಟಿಸ್ ಅದು.

ನಿಲ್ಲಬೇಕು ಅಂತ ತೀರ್ಮಾನ ಮಾಡಿದ ಮೇಲೆ ನನಗೆ ಬಂದ ಮೊದಲ ಅನುಮಾನ: ನನ್ನ ಹತ್ತಿರ ಇರುವುದು ಇಂಡಿಯನ್ ಪಾಸ್‌ಪೋರ್ಟ್, ನಿಲ್ಲಬಹುದಾ? ನಿಲ್ಲಬಹುದು. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ಕಾಯಂ ನೆಲೆಸುವ ಅನುಮತಿ ಇದ್ದರೆ ನಿಲ್ಲಬಹುದು. ವೋಟು ಹಾಕಲು ಅಷ್ಟೂ ಬೇಡ, ವೀಸಾ ಮೇಲೆ ಇಲ್ಲಿ ವಾಸವಾಗಿದ್ದರೆ ಸಾಕು. ಕಲಬುರಗಿ ಕಡೆಯಿಂದ ಬಂದ ಡಾ. ನೀರಜ್ ಪಾಟೀಲರು ಲ್ಯಾಂಬೆತ್ ಬರೋದ ಮೇಯರ್ ಆಗಿದ್ದರು. ಅವರ ಓಡಾಟದಿಂದಲೇ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತದ್ದು. ಅದೆಲ್ಲ ಗೊತ್ತಿದ್ದೂ ಈ ನಿಯಮ ಮಾತ್ರ ನಮ್ಮ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ.

ಪ್ರಚಾರದಲ್ಲಿ ನನಗೆ ಮೊದಲು ಸಿಕ್ಕ ಕೆಲಸವೇ ಇದು. ಪರಿಚಯದ ಒಬ್ಬ ಆಂಟಿ ಚಹಾ ಕೊಡುತ್ತಾ ಹೇಳಿದರು, "ಏನಮ್ಮಾ, ನಿನಗೆ ಹಾಕೋಣ ಅಂದ್ರೆ ನಾವು ಇಂಡಿಯನ್ ಪಾಸ್‌ಪೋರ್ಟಿನವರು, ನಮಗೆಲ್ಲಿ ವೋಟು?" ಇಲ್ಲಿಗೆ ಬಂದು ಒಂಬತ್ತು ವರ್ಷ, ಒಂದು ಸಲವೂ ಹಾಕಿಲ್ಲ. ಅಲ್ಲೇ ಫೋನ್ ತೆಗೆದು ಅವರನ್ನೂ ಅಂಕಲ್‌ರನ್ನೂ ನೋಂದಾಯಿಸಿದೆ. ಐದು ನಿಮಿಷದ ಕೆಲಸ. ಏಪ್ರಿಲ್ 17 ಕೊನೆಯ ದಿನ. ಅಷ್ಟರೊಳಗೆ ಕನ್ನಡ, ತೆಲುಗು, ತಮಿಳು, ಗುಜರಾತಿ ಮನೆಗಳಲ್ಲಿ ಕೂತು ಅರವತ್ತಕ್ಕೂ ಜಾಸ್ತಿ ಹೆಸರು ಸೇರಿಸಿದೆವು. ಅವರಲ್ಲಿ ಎಷ್ಟು ಜನ ನನಗೆ ಹಾಕಿದರೋ, ಅದು ಅವರಿಗೆ ಬಿಟ್ಟದ್ದು. ಕೌನ್ಸಿಲ್ ಟ್ಯಾಕ್ಸ್ (ಮನೆಗಳ ಮೇಲೆ ಕೌನ್ಸಿಲ್ ಹಾಕುವ ತೆರಿಗೆ) ಕಟ್ಟುವವರು ಆ ದುಡ್ಡು ಎಲ್ಲಿ ಹೋಗಬೇಕು ಅಂತ ಹೇಳದೆ ಸುಮ್ನೆ ಕೂರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾಮಪತ್ರ ಸುಲಭ ಅಂದುಕೊಂಡಿದ್ದೆ. ಆಗ ವಾರ್ಡಿನ ಹತ್ತು ಮತದಾರರ ಸಹಿ ಬೇಕಿತ್ತು (ಈಗ ಎರಡೇ ಸಾಕು). ಸಹಿಯ ಎದುರು ಮತದಾರರ ಪಟ್ಟಿಯಲ್ಲಿರುವ ನಂಬರ್ ಸರಿಯಾಗಿ ಬರೆಯಬೇಕು. ನಾನು ಒಬ್ಬರ ನಂಬರಿನಲ್ಲಿ ಎರಡು ಅಂಕಿ ಅದಲು ಬದಲು ಮಾಡಿದ್ದೆ. ಏಪ್ರಿಲ್ 6ರ ಸಂಜೆ 4 ಗಂಟೆ ಕೊನೆಯ ಗಡುವು. ಎರಡು ದಿನ ಮುಂಚೆ ಕೊಟ್ಟಿದ್ದರಿಂದ ಬಚಾವಾದೆ. ಕೊನೆಯ ಗಂಟೆಯವರೆಗೆ ಕಾದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಯಾರಾದರೂ ನಿಲ್ಲುವ ಯೋಚನೆ ಇದ್ದರೆ ಫಾರಂ ಬೇಗ ಕೊಡಿ, ಕಚೇರಿಯವರಿಂದಲೇ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಆ ವರ್ಷ ಬ್ಯಾಲೆಟ್ ಪೇಪರಿನಲ್ಲಿ ಅಭ್ಯರ್ಥಿಯ ಮನೆ ವಿಳಾಸವೂ ಅಚ್ಚಾಗುತ್ತಿತ್ತು. ನಮ್ಮ ಮನೆ ನಂಬರ್ ಸಾವಿರಾರು ಜನರ ಕೈಗೆ ಹೋಗುತ್ತದೆ ಅಂತ ಗಂಡನಿಗೆ ದಿಗಿಲಾಯಿತು. ಮುಂದಿನ ವರ್ಷದಿಂದ ಅದನ್ನು ಮರೆಮಾಡಲು ಅವಕಾಶ ಬಂತು.

ಖರ್ಚಿಗೆ ಮಿತಿ ಇದೆ. ಆಗ 740 ಪೌಂಡ್, ಅದರ ಮೇಲೆ ಮತದಾರರೊಬ್ಬರಿಗೆ 6 ಪೆನ್ಸ್. ನಮ್ಮ ವಾರ್ಡಿನಲ್ಲಿ ಸುಮಾರು 9,500 ಮತದಾರರು, ಹಾಗಾಗಿ 1,310 ಪೌಂಡ್ ಒಳಗೆ ಎಲ್ಲ ಮುಗಿಸಬೇಕು. ಇಲ್ಲಿ ಮೈಕ್ ಕಟ್ಟಿದ ಆಟೋ ಇಲ್ಲ, ಬ್ಯಾನರ್ ಇಲ್ಲ. ಕರಪತ್ರ ಅಚ್ಚು ಹಾಕಿಸುವುದು, ಟಪಾಲು ಹಾಕಲು ಬಾಗಿಲಲ್ಲಿರುವ ತೂತಿನಲ್ಲಿ ತೂರಿಸುವುದು, ಬಾಗಿಲು ತಟ್ಟಿ ಮಾತಾಡುವುದು, ಅಷ್ಟೇ. ಬಾಗಿಲ ತೂತಿಗೆ ಒಳಗಡೆ ಗಟ್ಟಿ ಬ್ರಷ್ ಇರುತ್ತದೆ, ಸ್ಪ್ರಿಂಗ್ ಇರುತ್ತದೆ, ಒಳಗೆ ನಾಯಿಯೂ ಇರುತ್ತದೆ. ಮೊದಲ ದಿನವೇ ಬೆರಳಿನ ಚರ್ಮ ಸುಲಿಯಿತು. ಎರಡನೇ ದಿನ ಅಡುಗೆಮನೆಯಿಂದ ಮರದ ಸಟ್ಟುಗ ತಗೊಂಡು ಹೋದೆ. ಕರಪತ್ರವನ್ನು ಅದರ ಮೇಲೆ ಮಡಚಿಟ್ಟು ಒಳಗೆ ತಳ್ಳಿದರೆ ಬ್ರಷ್ ದಾಟಿ ನೆಲಕ್ಕೆ ಬೀಳುತ್ತದೆ. ಆಮೇಲೆ ಎರಡು ತಿಂಗಳು ಆ ಸಟ್ಟುಗ ನನ್ನ ಚೀಲದಲ್ಲೇ ಇತ್ತು. ಶುರು ಮಾಡಿದ್ದು ಫೆಬ್ರವರಿ ಕೊನೆಯ ಹಿಮಪಾತದಲ್ಲಿ. ಏಪ್ರಿಲ್ 19ಕ್ಕೆ ಲಂಡನ್ನಿನಲ್ಲಿ 29 ಡಿಗ್ರಿ ಬಿಸಿಲು.

1987ರಲ್ಲಿ ನಮ್ಮ ದೊಡ್ಡಪ್ಪ ಮಂಡಲ ಪಂಚಾಯಿತಿಗೆ ನಿಂತಿದ್ದರು. ಮನೆ ಮನೆಗೆ ಹೋಗಿ ಜಗಲಿ ಮೇಲೆ ಕೂತು ಕವಳ ಹಾಕಿ, ಅಡಿಕೆ ರೇಟು ಮಾತಾಡಿ, ಏಳುವಾಗ "ಒಂದು ಕಣ್ಣಿಡಿ" ಅನ್ನುತ್ತಿದ್ದರಂತೆ. ಇಲ್ಲಿ ಜಗಲಿ ಇಲ್ಲ. ಬಾಗಿಲು ಅರ್ಧ ತೆರೆಯುತ್ತದೆ, ಒಂದು ನಿಮಿಷದೊಳಗೆ ಹೇಳಿ ಮುಗಿಸಬೇಕು. ನನಗೆ ಅನುಕೂಲವಾದ ಒಂದು ವಿಷಯ ಅಂದರೆ, ನಮ್ಮ ವಾರ್ಡಿಗೆ ಮೂರು ಸೀಟು. ಪ್ರತಿಯೊಬ್ಬರಿಗೂ ಮೂರು ವೋಟು. ಹಾಗಾಗಿ "ನಿಮ್ಮ ಪಕ್ಷ ಬಿಡಿ" ಅಂತ ನಾನು ಯಾರಿಗೂ ಹೇಳಬೇಕಾಗಿರಲಿಲ್ಲ. "ಎರಡು ನಿಮಗೆ ಬೇಕಾದವರಿಗೆ ಹಾಕಿ, ಒಂದು ಲೈಬ್ರರಿಗಾಗಿ ನನಗೆ ಕೊಡಿ" ಅನ್ನುತ್ತಿದ್ದೆ. ತುಂಬಾ ಜನ ಮೂರೂ ಹಾಕಬಹುದು ಅನ್ನುವುದನ್ನು ಆಗಲೇ ಮೊದಲು ಕೇಳಿದ್ದು.

ಹೀಗೆ ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಒಬ್ಬರ ಮನೆ ಬಾಗಿಲಲ್ಲಿ ನನ್ನ ಮಾತು ನಿಂತುಹೋಯಿತು. ಐವತ್ತರ ಆಸುಪಾಸಿನ ಮನುಷ್ಯ. ಅಡುಗೆಮನೆ ಟವೆಲ್ ಹೆಗಲ ಮೇಲಿತ್ತು. ಒಳಗಿಂದ ಟಿವಿ ಸದ್ದು, ಅದರ ನಡುವೆ ಮುದುಕಿಯೊಬ್ಬರ ಕೆಮ್ಮು. ನಾನು ಲೈಬ್ರರಿ ಅಂದ ಕೂಡಲೇ ಅವರು ಕೈ ಅಡ್ಡ ಮಾಡಿದರು. "ನನ್ನ ತಾಯಿಗೆ ಬೆಳಿಗ್ಗೆ ಕೌನ್ಸಿಲ್ ಕಡೆಯಿಂದ ಸಹಾಯಕ್ಕೆ ಬರುವವರು ಅರ್ಧ ಗಂಟೆ ಇರುತ್ತಿದ್ದರು. ಈಗ ಹದಿನೈದು ನಿಮಿಷ. ಅಷ್ಟರಲ್ಲಿ ಎಬ್ಬಿಸಬೇಕು, ತೊಳೆಸಬೇಕು, ತಿನ್ನಿಸಬೇಕು. ನಿಮ್ಮ ಲೈಬ್ರರಿಗೆ ದುಡ್ಡು ಎಲ್ಲಿಂದ ತರುತ್ತೀರಿ? ಇವಳ ಹದಿನೈದು ನಿಮಿಷದಿಂದಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಅಂತಲೇ ಹೇಳಿದೆ. ತಿಳಿದುಕೊಂಡು ಮುಂದಿನ ಭಾನುವಾರ ಬರುತ್ತೇನೆ ಅಂದೆ.

ಆ ವಾರ ರಾತ್ರಿ ಪಾಳಿ ಮುಗಿಸಿ ಬಂದು ಕೌನ್ಸಿಲ್ಲಿನ ಬಜೆಟ್ ಕಾಗದಗಳನ್ನು ಓದಿದೆ. ಎಲ್ಲವೂ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಓದಬಹುದು. ಹಸಿರು, ಹಳದಿ, ಗುಲಾಬಿ ಮಾರ್ಕರ್ ಹಿಡಿದು ಕೂತೆ. ಹಸಿರು ಅಂದರೆ ಕಾನೂನು ಪ್ರಕಾರ ಮಾಡಲೇಬೇಕಾದದ್ದು. ಪುಟ ಪೂರ್ತಿ ಹಸಿರಾಯಿತು. ವಯಸ್ಸಾದವರ ಮತ್ತು ಅಂಗವಿಕಲರ ಆರೈಕೆ, ತೊಂದರೆಯಲ್ಲಿರುವ ಮಕ್ಕಳ ರಕ್ಷಣೆ, ಮನೆ ಕಳಕೊಂಡವರಿಗೆ ಆಶ್ರಯ. ಹಣದ ದೊಡ್ಡ ಪಾಲು ಅಲ್ಲೇ ಹೋಗುತ್ತಿತ್ತು. ಬೇಡಿಕೆ ಪ್ರತಿವರ್ಷ ಏರುತ್ತಿತ್ತು. ಮಿಕ್ಕ ಸಣ್ಣ ಜಾಗದಲ್ಲಿ ಪಾರ್ಕು, ಯುವಕರ ಕ್ಲಬ್ಬು, ಸಾರ್ವಜನಿಕ ಶೌಚಾಲಯ. 1964ರ ಕಾಯ್ದೆ ಪ್ರಕಾರ ಲೈಬ್ರರಿ ಸೇವೆ ಕೊಡಲೇಬೇಕು. ಆದರೆ ಎಷ್ಟು ಶಾಖೆ, ವಾರಕ್ಕೆ ಎಷ್ಟು ಗಂಟೆ ಅಂತ ಅದು ಹೇಳುವುದಿಲ್ಲ. ಹಾಗಾಗಿ ಕತ್ತರಿ ಸುಲಭವಾಗಿ ಆಡುವ ಜಾಗ ಅದು.

ಇನ್ನೂ ಎರಡು ವಿಷಯ ಕಲಿತೆ. ಇಲ್ಲಿನ ಕೌನ್ಸಿಲ್ ದಿನದ ಖರ್ಚಿಗೆ ಸಾಲ ಮಾಡುವಂತಿಲ್ಲ, ಪ್ರತಿವರ್ಷ ಲೆಕ್ಕ ಸರಿದೂಗಲೇಬೇಕು. ಟ್ಯಾಕ್ಸನ್ನೂ ಮನಸ್ಸಿಗೆ ಬಂದಷ್ಟು ಏರಿಸುವಂತಿಲ್ಲ. ಆ ವರ್ಷ ಮಾಮೂಲಿ ಏರಿಕೆ ಶೇ 3 ಮುಟ್ಟಿದರೆ ಜನಮತ ಕೇಳಬೇಕಿತ್ತು. ಆರೈಕೆಗೆ ಅಂತ ಬೇರೆಯಾಗಿ ಹೆಚ್ಚೆಂದರೆ ಇನ್ನೊಂದು ಶೇ 3. ಹಣ ಕೊಡುವ ಕೇಂದ್ರ ಸರ್ಕಾರ ಹಿಡಿತ ಬಿಗಿ ಮಾಡಿ, ಬೈಸಿಕೊಳ್ಳುವ ಕೆಲಸವನ್ನು ಕೆಳಗಿನ ಕೌನ್ಸಿಲ್‌ಗಳಿಗೆ ಬಿಟ್ಟಿತ್ತು. ಅದನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು, ಇವತ್ತಿಗೂ ಇದೆ.

ಮುಂದಿನ ಭಾನುವಾರ ಹೋದೆ. ಬಾಗಿಲಲ್ಲೇ ನಿಂತು ಬಣ್ಣ ಹಚ್ಚಿದ ಪುಟಗಳನ್ನು ತೋರಿಸಿದೆ. ನಮ್ಮ ಲೈಬ್ರರಿಯ ಸಾಲು ಎಲ್ಲಿದೆ, ಆರೈಕೆಯ ಸಾಲು ಎಲ್ಲಿದೆ ಅಂತ. ಲೈಬ್ರರಿಯ ಮೊತ್ತ ಇಡೀ ಬಜೆಟ್ಟಿನಲ್ಲಿ ನೂರಕ್ಕೆ ಒಂದು ಭಾಗವೂ ಅಲ್ಲ. ಅದನ್ನು ಮುಚ್ಚಿದರೆ ಅವರ ತಾಯಿಗೆ ಒಂದು ನಿಮಿಷವೂ ವಾಪಸ್ ಬರುವುದಿಲ್ಲ. ಜೊತೆಗೆ ಇದನ್ನೂ ಹೇಳಿದೆ: "ನಾನು ಗೆದ್ದರೂ ಆ ಹದಿನೈದು ನಿಮಿಷವನ್ನು ಅರ್ಧ ಗಂಟೆ ಮಾಡಿಸುತ್ತೇನೆ ಅಂತ ಮಾತು ಕೊಡಲಾರೆ. ಪ್ರತಿ ಬಜೆಟ್ ಸಭೆಯಲ್ಲೂ ಅದರ ಬಗ್ಗೆ ಕೇಳುತ್ತೇನೆ, ಯಾರು ಏನು ಉತ್ತರ ಕೊಟ್ಟರು ಅಂತ ನಿಮಗೆ ಬಂದು ಹೇಳುತ್ತೇನೆ." ಅವರು ಬಹಳ ಹೊತ್ತು ಕಾಗದ ನೋಡಿದರು. ಈ ಬಾಗಿಲಿಗೆ ಎರಡನೇ ಸಲ ಯಾರೂ ಬಂದದ್ದಿಲ್ಲ ಅಂದರು. ಒಳಗೆ ಕರೆದು ತಾಯಿಯನ್ನು ಪರಿಚಯ ಮಾಡಿಸಿದರು.

ಅಲ್ಲಿಂದ ನಾನು ಮಾತಾಡುವ ರೀತಿಯೇ ಬದಲಾಯಿತು. 'ಲೈಬ್ರರಿ ಉಳಿಸಿ' ಅಂತಿದ್ದ ಕರಪತ್ರ ಇನ್ನೂ ಎರಡು ಕಟ್ಟು ಉಳಿದಿತ್ತು, ಹಂಚಲಿಲ್ಲ. ಹೊಸದು ಮಾಡಿಸಿದೆ. ಒಂದು ಬದಿಯಲ್ಲಿ ನೂರು ಪೌಂಡ್ ಕೌನ್ಸಿಲ್ ಖರ್ಚು ಎಲ್ಲೆಲ್ಲಿ ಹೋಗುತ್ತದೆ ಅಂತ ಚಿತ್ರ. ಇನ್ನೊಂದು ಬದಿಯಲ್ಲಿ ನಾನು ಮಾಡಬಲ್ಲ ಮೂರು ಕೆಲಸ, ಮಾಡಲಾಗದ ಎರಡು ಕೆಲಸ. ಮಾಡಲಾಗದ್ದನ್ನು ಅಚ್ಚು ಹಾಕಿಸಬೇಡ ಅಂತ ಗೆಳತಿಯರು ಹೇಳಿದರು. ನಾನು ಕೇಳಲಿಲ್ಲ. ಒಂದೊಂದು ಬಾಗಿಲಿಗೆ ಜಾಸ್ತಿ ಹೊತ್ತು ಹಿಡಿಯಿತು. ಹಾಗಾಗಿ ವಾರ್ಡಿನ ಅರ್ಧ ಮನೆಗಳನ್ನೂ ಮುಟ್ಟಲಾಗಲಿಲ್ಲ. ಪಕ್ಷಗಳ ಹತ್ತಿರ ಹತ್ತಾರು ಜನ ಇರುತ್ತಾರೆ. ನಮ್ಮ ಕಡೆ ನಾನು, ಗಂಡ, ನಾಲ್ಕು ಗೆಳತಿಯರು, ರಜೆಯಲ್ಲಿದ್ದ ಮಗ. ಸ್ವತಂತ್ರವಾಗಿ ನಿಲ್ಲುವವರು ಒಂದು ವರ್ಷ ಮುಂಚೆಯೇ ಶುರು ಮಾಡಬೇಕು. ಎರಡು ತಿಂಗಳು ಏನೇನೂ ಸಾಲದು.

ಮೇ 3, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮತದಾನ. ಎಣಿಕೆ ರಾತ್ರಿಯೇ, ಒಂದು ಕ್ರೀಡಾ ಸಭಾಂಗಣದಲ್ಲಿ. ಮೂರೂ ವೋಟು ಒಂದೇ ಪಕ್ಷಕ್ಕೆ ಬಿದ್ದ ಚೀಟಿಗಳನ್ನು ಮೊದಲು ಬೇರೆ ಕಟ್ಟು ಮಾಡುತ್ತಾರೆ. ಅವು ಬೇಗ ಎಣಿಕೆಯಾಗುತ್ತವೆ. ಬೆರಕೆ ಚೀಟಿಗಳನ್ನು ಒಂದೊಂದಾಗಿ ಓದಿ ಹಾಳೆಯಲ್ಲಿ ಗೆರೆ ಎಳೆಯಬೇಕು. ನನ್ನ ವೋಟುಗಳೆಲ್ಲ ಆ ಬೆರಕೆ ರಾಶಿಯಲ್ಲಿದ್ದವು. ಮೇಜಿನ ಈಚೆ ನಿಂತು ನೋಡುತ್ತಿದ್ದೆ. ಪೆನ್ಸಿಲ್ಲಿನ ಎರಡು ಗುರುತು ಒಂದು ಪಕ್ಷಕ್ಕೆ, ಮೂರನೆಯದು ಕೆಳಗೆ ನನ್ನ ಹೆಸರಿಗೆ. ಕೆಲವರು ಎರಡು ಬೇರೆ ಬೇರೆ ಪಕ್ಷಕ್ಕೆ ಒಂದೊಂದು ಹಾಕಿ ಮೂರನೆಯದು ನನಗೆ ಹಾಕಿದ್ದರು. ರಾತ್ರಿ ಮೂರು ಗಂಟೆಗೆ ಫಲಿತಾಂಶ ಓದಿದರು. 781 ವೋಟು, ಏಳನೇ ಸ್ಥಾನ. ಗೆದ್ದ ಮೂರನೆಯವರಿಗೂ ನನಗೂ ಸಾವಿರಕ್ಕೂ ಜಾಸ್ತಿ ಅಂತರ. ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನಿದೆ.

35 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು, ಸೋತವರೂ ಕೊಡಬೇಕು. 862 ಪೌಂಡಿನ ರಸೀದಿಗಳನ್ನೆಲ್ಲ ಜೋಡಿಸಿ ಕೊಟ್ಟೆ.

ಲೈಬ್ರರಿ ಮುಚ್ಚಲಿಲ್ಲ, ಪೂರ್ತಿ ಉಳಿಯಲೂ ಇಲ್ಲ. ವಾರಕ್ಕೆ ಎರಡು ದಿನ ಸಿಬ್ಬಂದಿ, ಶನಿವಾರ ನಾವೇ ಸ್ವಯಂಸೇವಕರು. ಸಂಬಳದ ಕೆಲಸವನ್ನು ಬಿಟ್ಟಿ ಮಾಡಿಕೊಟ್ಟರೆ ಕಡಿತವನ್ನು ಒಪ್ಪಿಕೊಂಡಂತೆ ಆಗುತ್ತದಲ್ವಾ ಅನ್ನುವ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ಆದರೂ ಶನಿವಾರ ಬೀಗ ತೆಗೆಯಲು ಹೋಗುತ್ತೇನೆ. ಹೀಟರ್ ಪಕ್ಕದ ಕುರ್ಚಿಗೆ ಜನ ಇದ್ದಾರೆ.

ಆ ವರ್ಷ ನವೆಂಬರಿನಲ್ಲಿ ಮುಂದಿನ ಬಜೆಟ್ ಬಗ್ಗೆ ಕೌನ್ಸಿಲ್ ಸಾರ್ವಜನಿಕ ಸಭೆ ಕರೆದಿತ್ತು. ಮತದಾರಳಾಗಿ ಹೋಗಿ ಕೂತೆ. ಪ್ರಶ್ನೆಯ ಸಮಯ ಬಂದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲು ತೆರೆದಿದ್ದ ಅದೇ ಮನುಷ್ಯ. ಅವರ ಕೈಯಲ್ಲಿ ಬಜೆಟ್ ಕಾಗದ ಇತ್ತು, ಅಲ್ಲಲ್ಲಿ ಹಸಿರು ಗೆರೆ. ಮೊದಲು ಆರೈಕೆಯ ಸಾಲಿನ ಬಗ್ಗೆ ಕೇಳಿದರು. ಎರಡನೇ ಪ್ರಶ್ನೆ ಲೈಬ್ರರಿಯದು.