ಹಳೆಯ ಹಾಯಿದೋಣಿಯ ಕಂಬ, ತಂತಿ: ತಪಾಸಣೆ ಬುಡದಿಂದಲೇ ಶುರುವಾಗಲಿ

ಮೂವತ್ತು ನಲವತ್ತು ವರ್ಷ ನೀರು ಕಂಡ ಫೈಬರ್‌ಗ್ಲಾಸ್ ಹಾಯಿದೋಣಿಯನ್ನು ಕೊಳ್ಳುವವರು ಮೊದಲು ಅದರ ಒಡಲನ್ನು ತಟ್ಟಿ ನೋಡುತ್ತಾರೆ. ಒಡಲು ಬಹಳ ಕಾಲ ಬಾಳುತ್ತದೆ. ಅದಕ್ಕಿಂತ ಎಷ್ಟೋ ಮುಂಚೆ ಆಯುಷ್ಯ ಮುಗಿಯುವುದು ಹಾಯಿಕಂಬವನ್ನು ನೆಟ್ಟಗೆ ನಿಲ್ಲಿಸಿರುವ ಉಕ್ಕಿನ ತಂತಿಗಳದ್ದು, ಅವುಗಳ ಕೀಲುಗಳದ್ದು. ತಂತಿ ನಟ್ಟನಡುವೆ ತುಂಡಾಗುವುದು ಅಪರೂಪ. ಬಿರುಕು ಹುಟ್ಟುವುದು ತಂತಿಯ ತುದಿಯಲ್ಲಿ, ಪಿನ್ನಿನ ತೂತಿನ ಸುತ್ತ, ದೋಣಿಯ ಮೇಲ್ಹಾಸಾದ ಡೆಕ್ಕಿನ ದಪ್ಪದೊಳಗೆ ಹುದುಗಿದ ಲೋಹದಲ್ಲಿ. ಒಂದು ಕೀಲು ಕೈಕೊಟ್ಟರೆ ಇಡೀ ಕಂಬ ಮಗುಚಿ ಬೀಳಬಹುದು. ಆದ್ದರಿಂದ ಹಳೆಯ ದೋಣಿಯಲ್ಲಿ ಮರೆಯಲ್ಲಿರುವ ಯಾವುದನ್ನೂ ಬಿಚ್ಚಿ ನೋಡದೆ ನಂಬಬಾರದು.

ಮೊದಲು ಭಾಗಗಳ ಪರಿಚಯ. ಕಂಬವನ್ನು ಎರಡು ಪಕ್ಕದಿಂದ ಹಿಡಿದಿರುವ ತಂತಿಗಳು ಶ್ರೌಡ್, ಮುಂದಿನದು ಫೋರ್‌ಸ್ಟೇ, ಹಿಂದಿನದು ಬ್ಯಾಕ್‌ಸ್ಟೇ. ಶ್ರೌಡ್‌ಗಳನ್ನು ಕಂಬದಿಂದ ಆಚೆಗೆ ತಳ್ಳಿ ಹಿಡಿಯುವ ಅಡ್ಡಕೋಲು ಸ್ಪ್ರೆಡರ್. ತಂತಿಯ ಕೆಳತುದಿಯಲ್ಲಿ ಬಿಗಿ ಹೊಂದಿಸುವ ಟರ್ನ್‌ಬಕಲ್ ಇರುತ್ತದೆ. ಅದರ ಕೆಳಗೆ, ಡೆಕ್ಕನ್ನು ತೂರಿ ಒಳಗೆ ಇಳಿದು, ದೋಣಿಯ ಗೋಡೆಗೆ ಬೋಲ್ಟ್ ಆಗಿರುವ ಪಟ್ಟಿಯೇ ಚೈನ್‌ಪ್ಲೇಟ್. ಹಾಯಿಯನ್ನು ಏರಿಸಿ ಇಳಿಸುವ ಹಗ್ಗ ಹ್ಯಾಲ್‌ಯಾರ್ಡ್.

ಹಂತ 1: ಚೈನ್‌ಪ್ಲೇಟ್ ಬಿಚ್ಚಿ

ಬಹಳ ಜನ ಈ ಹಂತವನ್ನು ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಂತೆ ಕಾಪಾಡುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪದರ. ಆ ಪದರ ಉಳಿಯಬೇಕಾದರೆ ಆಮ್ಲಜನಕ ಸಿಗುತ್ತಿರಬೇಕು. ನೀರು ಇಳಿಯದಂತೆ ಡೆಕ್ಕಿನ ಸೀಳಿನಲ್ಲಿ ಹಾಕಿದ ಸೀಲೆಂಟ್ ವರ್ಷಗಳು ಕಳೆದಂತೆ ಗಡುಸಾಗಿ ಬಿಟ್ಟುಕೊಳ್ಳುತ್ತದೆ. ಉಪ್ಪುನೀರು ಒಳಗಿಳಿದು ಗಾಳಿಯಾಡದೆ ಅಲ್ಲೇ ನಿಲ್ಲುತ್ತದೆ, ಲೋಹವನ್ನು ಗುಳಿಗುಳಿಯಾಗಿ ತಿನ್ನುತ್ತದೆ. ಡೆಕ್ಕಿನ ಮೇಲಿನ ಭಾಗವೂ ಕೆಳಗಿನ ಭಾಗವೂ ಕನ್ನಡಿಯಂತೆ ಹೊಳೆಯುತ್ತಿರುವಾಗಲೇ ನಡುವಿನ ಬೆರಳಗಲದ ಜಾಗ ಅರ್ಧಕ್ಕರ್ಧ ಸವೆದಿರಬಹುದು.

ಒಂದು ಸಲಕ್ಕೆ ಒಂದೇ ಪಟ್ಟಿ ಬಿಚ್ಚಿ. ಅದಕ್ಕೂ ಮುಂಚೆ ಕಂಬದ ತುದಿಯಿಂದ ಬರುವ ಹ್ಯಾಲ್‌ಯಾರ್ಡನ್ನು ಅದೇ ಬದಿಯ ಗಟ್ಟಿಯಾದ ಜಾಗಕ್ಕೆ ಎಳೆದು ಕಟ್ಟಿ, ಶ್ರೌಡಿನ ಭಾರ ಅದಕ್ಕೆ ವರ್ಗವಾಗಲಿ. ಪಟ್ಟಿ ಕೈಗೆ ಬಂದ ಮೇಲೆ ಹಳೆಯ ಸೀಲೆಂಟ್ ಕೆರೆದು ತೊಳೆದು, ಬೋಲ್ಟಿನ ತೂತುಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಅನುಮಾನವಿದ್ದರೆ ಬಿರುಕು ಪತ್ತೆಯ ಬಣ್ಣದ ಕಿಟ್ ಬಳಸಿ: ಕೆಂಪು ಬಣ್ಣ ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒರೆಸಿ, ಬಿಳಿಯ ಡೆವಲಪರ್ ಸಿಂಪಡಿಸಬೇಕು. ಬಿರುಕಿದ್ದರೆ ಬಿಳಿಯ ಮೇಲೆ ಕೂದಲೆಳೆಯಂತೆ ಕೆಂಪು ಗೆರೆ ಮೂಡುತ್ತದೆ. ಗೆರೆ ಕಂಡ ಪಟ್ಟಿಗೆ ಬೆಸುಗೆ ಹಾಕಿ ಮತ್ತೆ ಕೂರಿಸುವ ಯೋಚನೆ ಬೇಡ, ಹೊಸದು ಮಾಡಿಸಿ.

ಪಟ್ಟಿ ಹೊರಗಿರುವಾಗಲೇ ಡೆಕ್ಕಿನ ಸೀಳಿನೊಳಗೆ ಸ್ಕ್ರೂಡ್ರೈವರ್ ತೂರಿಸಿ ಕೆದಕಿ. ಹಳೆಯ ದೋಣಿಗಳ ಡೆಕ್ಕಿನಲ್ಲಿ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇರುವುದು ಸಾಮಾನ್ಯ. ಕಪ್ಪಗೆ, ಒದ್ದೆಯಾಗಿ ಪುಡಿ ಬಂದರೆ ಅದು ಕೊಳೆತಿದೆ ಎಂದರ್ಥ. ಕೊಳೆತದ್ದನ್ನು ಒಣಮರ ಸಿಗುವವರೆಗೆ ತೆಗೆದು, ಗಟ್ಟಿಯಾಗಿ ಕಲಸಿದ ಎಪಾಕ್ಸಿ ತುಂಬಿ, ಅದು ಗಡುಸಾದ ಮೇಲೆ ಹೊಸ ಸೀಳು ಕೊರೆಯಿರಿ. ಹೀಗೆ ಮಾಡಿದರೆ ಮುಂದೆಂದಾದರೂ ಸೋರಿದರೂ ನೀರು ಮರಕ್ಕೆ ತಾಗದು. ಪಟ್ಟಿಯನ್ನು ಬ್ಯೂಟೈಲ್ ಎಂಬ ಮೆತ್ತನೆಯ ರಬ್ಬರಿನ ಟೇಪಿನಲ್ಲಿ ಕೂರಿಸುವುದು ನನಗೆ ಇಷ್ಟ. ಅದು ಬಹುಕಾಲ ಮೆತ್ತಗೆ ಉಳಿಯುತ್ತದೆ, ಮುಂದಿನ ಸಲ ಬಿಚ್ಚುವುದೂ ಸುಲಭ.

ಹಂತ 2: ತಂತಿ, ತಂತಿಯ ತುದಿ

ತಂತಿಯನ್ನು ಬರಿಗೈಯಲ್ಲಿ ಸವರಬೇಡಿ. ಹತ್ತಿ ಅಥವಾ ಟಿಶ್ಯೂ ಕಾಗದವನ್ನು ಉದ್ದಕ್ಕೂ ಎಳೆಯಿರಿ. ಮುರಿದ ಎಳೆ ಇದ್ದಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಹತ್ತೊಂಬತ್ತು ಎಳೆಗಳ ಈ ತಂತಿಯಲ್ಲಿ ಒಂದೇ ಎಳೆ ಮುರಿದಿದ್ದರೂ ಆ ತಂತಿಯ ಕೆಲಸ ಮುಗಿಯಿತು. ಅದೇ ವಯಸ್ಸಿನ ಉಳಿದವನ್ನೂ ಅನುಮಾನದಿಂದಲೇ ನೋಡಬೇಕು.

ಯಂತ್ರದಿಂದ ಒತ್ತಿ ಕೂರಿಸಿದ ತುದಿಗಳಲ್ಲಿ ಕೆಳಗಿನವೇ ಬೇಗ ಹಾಳಾಗುತ್ತವೆ, ಏಕೆಂದರೆ ಮಳೆಯೂ ಉಪ್ಪೂ ತಂತಿಗುಂಟ ಇಳಿದು ಅಲ್ಲಿ ಸೇರಿಕೊಳ್ಳುತ್ತವೆ. ಉದ್ದಕ್ಕೆ ಬಿಟ್ಟ ಸೀಳು, ತಂತಿ ಒಳಹೋಗುವ ಬಾಯಲ್ಲಿ ಕಂದು ಕಲೆ, ಸೊಟ್ಟಗಾದ ತುದಿ, ಇವುಗಳಲ್ಲಿ ಯಾವುದೂ ಇರಬಾರದು. ತಂತಿಗಳನ್ನು 10ರಿಂದ 15 ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ಬಿಸಿಲೂ ಉಪ್ಪೂ ಹೆಚ್ಚಿರುವ ಕಡೆ ಅಷ್ಟು ಕಾಯಬಾರದು. ವಯಸ್ಸು ಗೊತ್ತಿಲ್ಲದಿದ್ದರೆ ಗಡುವು ಮೀರಿದೆ ಎಂದೇ ಲೆಕ್ಕ ಹಾಕಿ.

ಹಂತ 3: ಕಂಬದ ಮೇಲೆ

ಕಂಬವನ್ನು ಇಳಿಸಿ ನೆಲದ ಮೇಲೆ ಮಲಗಿಸಿ ನೋಡುವುದೇ ಉತ್ತಮ. ಸಾಗಿಸುವಾಗ ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ ಎಂದು ನೋಡಿಕೊಳ್ಳಿ. ನಿಂತ ಕಂಬವನ್ನೇ ಏರುವುದಾದರೆ ಎರಡು ಪ್ರತ್ಯೇಕ ಹ್ಯಾಲ್‌ಯಾರ್ಡ್ ಬೇಕು, ಒಂದು ಎತ್ತಲು, ಇನ್ನೊಂದು ಕಾವಲಿಗೆ. ಕೊಕ್ಕೆಯನ್ನು ನಂಬದೆ ಬೌಲೈನ್ ಗಂಟು (ಜಾರದ ಕುಣಿಕೆ) ಹಾಕಿ. ಉಪಕರಣಗಳಿಗೆ ದಾರ ಕಟ್ಟಿರಲಿ, ಕೆಳಗೆ ಯಾರೂ ನಿಲ್ಲದಿರಲಿ.

ಮೇಲೆ ನೋಡಬೇಕಾದದ್ದು ರಾಟೆಗಳ ಸವೆತ, ತಂತಿ ಸೇರುವ ಕೀಲು, ಸ್ಪ್ರೆಡರ್‌ಗಳ ಬುಡ ಮತ್ತು ತುದಿ. ತುದಿಗೆ ಸುತ್ತಿದ ಟೇಪು, ರಬ್ಬರ್ ಕವಚಗಳ ಒಳಗೆ ನೀರು ನಿಂತು ಕೊರೆಯುತ್ತಿರುತ್ತದೆ. ಅವನ್ನು ಬಿಚ್ಚಿಯೇ ನೋಡಬೇಕು. ಸ್ಪ್ರೆಡರ್ ತುಸು ಮೇಲ್ಮುಖವಾಗಿದ್ದು, ಅದರ ಮೇಲೂ ಕೆಳಗೂ ತಂತಿ ಮಾಡುವ ಕೋನ ಸಮನಾಗಿರಬೇಕು. ಅಲ್ಯೂಮಿನಿಯಂ ಕಂಬಕ್ಕೆ ಸ್ಟೀಲ್ ತಿರುಪು ಸೇರುವಲ್ಲಿ ಬಿಳಿ ಪುಡಿ ಕಂಡರೆ ಎರಡು ಲೋಹಗಳ ನಡುವೆ ಸವಕಳಿ ನಡೆದಿದೆ. ತಿರುಪು ತೆಗೆದು, ಲೋಹಗಳನ್ನು ಬೇರ್ಪಡಿಸುವ ಪೇಸ್ಟ್ ಹಚ್ಚಿ ಮತ್ತೆ ಹಾಕಿ. ಕಂಬದ ಬುಡದಲ್ಲಿ ನೀರು ಹರಿದುಹೋಗುವ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ.

ಹಂತ 4: ಹೊಸ ತಂತಿ

ಹಳೆಯ ತಂತಿಯನ್ನು ಎಳೆದು ಹಿಡಿದು, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಅಳೆಯಿರಿ. ಟರ್ನ್‌ಬಕಲ್ ಅರ್ಧ ತೆರೆದಿರಲಿ, ಆಗ ಎರಡೂ ಕಡೆಗೆ ಹೊಂದಿಸಲು ಅವಕಾಶವಿರುತ್ತದೆ. ಗಟ್ಟಿಯಾಗಲೆಂದು ದಪ್ಪ ತಂತಿ ಹಾಕಿದರೆ ಎತ್ತರದಲ್ಲಿ ಭಾರ ಹೆಚ್ಚುವುದಲ್ಲದೆ ಹಳೆಯ ಪಿನ್ನು, ತೂತುಗಳಿಗೂ ಹೊಂದದು. ಮೂಲದ ಅಳತೆಯನ್ನೇ ಉಳಿಸಿ. ತುದಿಗಳಿಗೆ ಸ್ಪ್ಯಾನರಿನಿಂದಲೇ ಬಿಗಿಯಬಹುದಾದ, ಒಳಗೆ ಶಂಕುವಿರುವ ಟರ್ಮಿನಲ್ ಆರಿಸಿ. ಅದನ್ನು ಬಿಚ್ಚಿ ಒಳಗೆ ನೋಡಬಹುದು ಎನ್ನುವುದೊಂದೇ ನನಗೆ ಸಾಕಾದ ಕಾರಣ.

ತಂತಿ ಯಾವ ದಿಕ್ಕಿಗೂ ವಾಲಲು ಬಿಡುವ ಟಾಗಲ್ ಎಂಬ ಕೀಲು ಫೋರ್‌ಸ್ಟೇಯ ಎರಡು ತುದಿಯಲ್ಲೂ ಇರಲೇಬೇಕು. ಟರ್ನ್‌ಬಕಲ್ಲಿನ ತಿರುಪು ಸುತ್ತುಗಳಿಗೆ ಲ್ಯಾನೊಲಿನ್ (ಕುರಿಯುಣ್ಣೆಯ ಜಿಡ್ಡು) ಸವರಿ. ಸ್ಟೀಲಿನ ಮೇಲೆ ಸ್ಟೀಲ್ ಒಣಗಿದಂತೆ ಉಜ್ಜಿದರೆ ಕಚ್ಚಿಕೊಂಡು ಮತ್ತೆ ಬಿಡುವುದಿಲ್ಲ. ಕೀಲು ಕಳಚದಂತೆ ತಡೆಯುವ ಎರಡು ಕಾಲಿನ ಕಾಟರ್ ಪಿನ್ನುಗಳನ್ನು ಪ್ರತಿ ಸಲ ಹೊಸದನ್ನೇ ಹಾಕಿ, ಕಾಲುಗಳನ್ನು ತುಸುವೇ ಅಗಲಿಸಿ.

ಹಂತ 5: ಬಿಗಿ ಹೊಂದಿಸುವುದು

ಕಂಬ ಎಡಬಲಕ್ಕೆ ವಾಲಿಲ್ಲವೆಂದು ಖಚಿತಪಡಿಸಿಕೊಳ್ಳಲು ಮುಖ್ಯ ಹ್ಯಾಲ್‌ಯಾರ್ಡನ್ನು ಎರಡೂ ಬದಿಯ ಚೈನ್‌ಪ್ಲೇಟಿಗೆ ಮುಟ್ಟಿಸಿ ಅಳತೆ ಹೋಲಿಸಿ. ಬಿಗಿಯುವಾಗ ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ. ಬಿಗಿಯ ಅಳತೆಗೆ ದುಬಾರಿ ಸಾಧನ ಬೇಕಿಲ್ಲ. ತಂತಿ ಸಡಿಲವಿರುವಾಗ 2 ಮೀಟರ್ ಉದ್ದದ ಅಳತೆಕೋಲಿನ ಮೇಲ್ತುದಿಯನ್ನು ಅದಕ್ಕೆ ಟೇಪಿನಿಂದ ಅಂಟಿಸಿ, ಕೆಳತುದಿ ಬರುವಲ್ಲಿ ತಂತಿಯ ಮೇಲೆ ಗುರುತು ಮಾಡಿ. ಬಿಗಿದಂತೆ ಗುರುತು ಕೆಳಗೆ ಸರಿಯುತ್ತದೆ. ಒಂದು ಮಿಲಿಮೀಟರ್ ಸರಿದರೆ, ತಂತಿ ತಾಳಬಲ್ಲ ಗರಿಷ್ಠ ಭಾರದ ಶೇ 5ರಷ್ಟು ಬಿಗಿ ಬಂದಿದೆ ಎಂದು ಲೆಕ್ಕ. ಸ್ಪ್ರೆಡರ್ ತುದಿಯಿಂದ ಹಾದುಹೋಗುವ ಹೊರಗಿನ ಶ್ರೌಡ್‌ಗಳಿಗೆ ಶೇ 15ರ ಆಸುಪಾಸು ಒಳ್ಳೆಯ ಆರಂಭ.

ಉಳಿದದ್ದು ನೀರಿನ ಮೇಲೆ. ಹದವಾದ ಗಾಳಿಯಲ್ಲಿ ದೋಣಿ 15ರಿಂದ 20 ಡಿಗ್ರಿ ವಾಲಿದಾಗ ಗಾಳಿಯ ಮರೆಯ ಬದಿಯ ಹೊರಶ್ರೌಡ್ ಆಗತಾನೆ ಸಡಿಲವಾಗತೊಡಗಬೇಕು, ಜೋಲಾಡಬಾರದು. ಕಂಬದ ಬುಡದಲ್ಲಿ ಕೂತು, ಹಾಯಿ ಏರುವ ಸೀಳಿನಗುಂಟ ಮೇಲಕ್ಕೆ ಕಣ್ಣು ಹಾಯಿಸಿ. ಎಡಕ್ಕೋ ಬಲಕ್ಕೋ ಬಳುಕಿದ್ದರೆ ದೋಣಿಯ ದಿಕ್ಕು ಬದಲಿಸಿ, ಸಡಿಲಾದ ಬದಿಯ ಟರ್ನ್‌ಬಕಲ್ ತಿರುಗಿಸಿ, ಮತ್ತೆ ಮೊದಲಿನ ದಿಕ್ಕಿಗೆ ಬಂದು ನೋಡಿ. ಭಾರ ಬಿದ್ದ ಟರ್ನ್‌ಬಕಲ್ಲನ್ನು ತಿರುಗಿಸಲು ಹೋಗಬೇಡಿ.

ಹೊಸ ತಂತಿ ಮೊದಲ ಕೆಲವು ಪಯಣಗಳಲ್ಲಿ ತುಸು ಹಿಗ್ಗುತ್ತದೆ. ಆಮೇಲೆ ಇನ್ನೊಮ್ಮೆ ಹೊಂದಿಸಿ, ಪ್ರತಿ ಟರ್ನ್‌ಬಕಲ್ಲಿನಲ್ಲಿ ಎಷ್ಟು ತಿರುಪು ಸುತ್ತು ಹೊರಗೆ ಕಾಣುತ್ತಿದೆ ಎಂದು ಪುಸ್ತಕದಲ್ಲಿ ಬರೆದಿಡಿ. ಕಾಟರ್ ಪಿನ್ನಿನ ತುದಿಗಳು ಹಾಯಿಯನ್ನು ಹರಿಯದಂತೆ ಟೇಪ್ ಸುತ್ತುವುದು ಇಷ್ಟೆಲ್ಲ ಮುಗಿದ ಮೇಲೆಯೇ.